ಪಣ್ಯಶಾಲೆಗಳ ಅನುಜ್ಞೆ: ಶಾಸ್ತ್ರದಲ್ಲಿಯೂ ಶಾಸನದಲ್ಲಿಯೂ

ಅಂಗಡಿಯನ್ನು ತೆರೆಯುವವನು ಪ್ರಭುತ್ವದ ಅಪ್ಪಣೆಯನ್ನು ಪಡೆಯಬೇಕೆಂಬ ನಿಯಮವು ಇಂಗ್ಲಿಷರ ಆಳಿಕೆಯೊಡನೆ ಭಾರತಕ್ಕೆ ಬಂದುದೆಂದು ತಿಳಿದಿರುವವರು ಹಲವರುಂಟು. ಲೈಸೆನ್ಸು ಎಂಬ ಶಬ್ದವು ಪರದೇಶದ್ದಾದುದರಿಂದ ಅದರ ಅರ್ಥವೂ ಪರದೇಶದ್ದೇ ಎಂಬ ಭ್ರಾಂತಿ ಹುಟ್ಟುವುದು ಸಹಜವೇ ಸರಿ. ಆದರೆ ಶಾಸ್ತ್ರಗ್ರಂಥಗಳನ್ನೂ ಶಾಸನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಅನುಜ್ಞೆಯು ಬಹು ಪ್ರಾಚೀನವಾದುದೆಂಬುದು ವಿದಿತವಾಗುವುದು. ಅಷ್ಟು ಮಾತ್ರವಲ್ಲದೆ, ಶಾಸ್ತ್ರವು ಹೇಳುವ ಅನುಜ್ಞೆಗೂ ಶಾಸನಗಳು ಹೇಳುವ ಅನುಜ್ಞೆಗೂ ಒಂದು ಮುಖ್ಯವಾದ ಭೇದವಿರುವುದೂ ತೋರಿಬರುವುದು. ಆ ಭೇದದ ನಿರೂಪಣೆಯೇ ಪ್ರಕೃತ ಲೇಖನದ ಉದ್ದೇಶವು.

ಈ ವಿಚಾರಕ್ಕೆ ಮೊದಲನೆಯ ಆಕರವು ಕೌಟಲೀಯ ಅರ್ಥಶಾಸ್ತ್ರ. ಬಹುಕಾಲ ಹೆಸರುಮಾತ್ರದಿಂದ ತಿಳಿದಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಅದರ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ ಸುರೆಯ ವ್ಯಾಪಾರಕ್ಕೆ ಸುರಾಧ್ಯಕ್ಷನೂ, ತೂಕ ಅಳತೆಗಳಿಗೆ ಪೌತವಾಧ್ಯಕ್ಷನೂ, ಅಕ್ಕಸಾಲಿಗರ ಬೀದಿಗೆ ಸೌವರ್ಣಿಕನೂ ಹೇಳಲ್ಪಟ್ಟಿರುವರು. ಇವರಲ್ಲಿ ಒಬ್ಬೊಬ್ಬನ ಕೆಲಸವೂ ಒಂದೊಂದು ಬಗೆಯ ಅನುಜ್ಞೆಗೆ ಸಂಬಂಧಿಸಿದುದು.

ಸುರೆಯನ್ನು ಗೊತ್ತುಮಾಡಿದ ಸ್ಥಳದಲ್ಲಿಯೇ ಮಾಡಬೇಕು, ಮಾರಬೇಕು, ಕೊಳ್ಳಬೇಕು. ಬೇರೆಡೆಯಲ್ಲಿ ಹಾಗೆ ಮಾಡಿದವರಿಗೆ 600 ಪಣಗಳ ದಂಡ. ಪಾನಗೃಹದ ಕಟ್ಟಡವು ಹೇಗಿರಬೇಕೆಂಬುದನ್ನೂ ಶಾಸ್ತ್ರವು ವಿಧಿಸುವುದು. ಅದರಲ್ಲಿ ಹಲವು ಕೋಣೆಗಳಿರಬೇಕು. ಹಾಸಿಗೆ ಆಸನಗಳು ಬೇರೆ ಬೇರೆಯಾಗಿರಬೇಕು. ಗಂಧ, ಮಾಲ್ಯ, ನೀರು ಇವು ಋತುವಿಗೆ ತಕ್ಕಂತೆ ಸುಖಕರವಾಗಿರಬೇಕು. ಅಲ್ಲಿಯೇ ಗೂಢಚಾರರನ್ನೂ ಇರಿಸಬೇಕು. ಗೃಹಸ್ಥರು ವಿಶೇಷ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನ ಸಡಿಲಿಕೆಯುಂಟು. ಅನುಜ್ಞೆಯಿಲ್ಲದವರಾದರೋ ಉತ್ಸವವು ಮುಗಿಯುವವರೆಗೆ ದಿನದಿನಕ್ಕೂ ದಂಡವನ್ನು ತೆರಬೇಕು.

ಜೂಜಿನ ಮನೆಯ ವಿಷಯವು ಮೂರನೆಯ ಅಧಿಕರಣದಲ್ಲಿದೆ. ಅದು ಒಂದೇ ಕಡೆಯಲ್ಲಿ ನಡೆಯಬೇಕು. ಬೇರೆಡೆಯಲ್ಲಿ ಆಡುವವನಿಗೆ 12 ಪಣಗಳ ದಂಡ. ಗುಟ್ಟಾಗಿ ಜೀವಿಸುವವರನ್ನು ಕಂಡುಹಿಡಿಯುವುದಕ್ಕಾಗಿ ಈ ನಿಯಮವೆಂದು ಗ್ರಂಥಕಾರನೇ ಕಾರಣವನ್ನು ಹೇಳಿರುವನು. ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದರಂತೆ ಅಧ್ಯಕ್ಷನ ಪಾಲು. ತೂಕದ ಕಲ್ಲುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆಯನ್ನು ಹಾಕಿಸಬೇಕು. ಮುದ್ರೆಯಿಲ್ಲದ ತೂಕವನ್ನು ಬಳಸಿದವನಿಗೆ 27¼ ಪಣಗಳ ದಂಡ. ಧಾನ್ಯಾದಿಗಳನ್ನು ಅನುಜ್ಞೆಯನ್ನು ಪಡೆದವರೇ ಕೂಡಿಡಬೇಕು. ಇತರರು ಕೂಡಿಟ್ಟುದು ಪಣ್ಯಾಧ್ಯಕ್ಷನ ವಶವಾಗುವುದು. ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ಹತ್ತು ಎಂದು ಲಾಭಕ್ಕೂ ಮೇರೆಯುಂಟು.

ಈ ನಿಯಮಗಳೆಲ್ಲಕ್ಕೂ ಬುಡದಲ್ಲಿರುವುದು ಒಂದೇ ಭಾವನೆ. ವರ್ತಕರೂ ಶಿಲ್ಪಿಗಳೂ ಹೆಸರಿನಿಂದ ಮಾತ್ರ ಕಳ್ಳರಲ್ಲ, ನಡತೆಯಿಂದ ಕಳ್ಳರೇ ಎಂದು ನಾಲ್ಕನೆಯ ಅಧಿಕರಣವು ಮುಚ್ಚುಮರೆಯಿಲ್ಲದೆ ನುಡಿಯುವುದು. ಅಂದಮೇಲೆ ಇಲ್ಲಿ ಅನುಜ್ಞೆಯೆಂಬುದು ಸಂಶಯದಿಂದ ಹುಟ್ಟಿದ ಕಾವಲು. ಕೊಡುವವನು ಅರಸ, ಕಟ್ಟುಬೀಳುವವನು ವರ್ತಕ.

ಶಾಸನಗಳಿಗೆ ಬಂದರೆ ಈ ಚಿತ್ರವು ಮಾರ್ಪಡುವುದು. ಪಶ್ಚಿಮಭಾರತದಲ್ಲಿ ವಿಷ್ಣುಷೇಣನೆಂಬ ಸಾಮಂತರಾಜನು ಕ್ರಿ. ಶ. 592ರಲ್ಲಿ ಲೋಹಾಟದಿಂದ ಒಂದು ತಾಮ್ರಶಾಸನವನ್ನು ಹೊರಡಿಸಿದನು. ಡಿ. ಸಿ. ಸರ್ಕಾರರು ಇದನ್ನು ಎಪಿಗ್ರಾಫಿಯ ಇಂಡಿಕದಲ್ಲಿ ಪ್ರಕಟಿಸಿರುವರು. ಇದು ರಾಜನು ತಾನಾಗಿ ವಿಧಿಸಿದ ಕಟ್ಟಳೆಯಲ್ಲ. ವಣಿಗ್ಗ್ರಾಮವು, ಎಂದರೆ ವರ್ತಕರ ಸಮೂಹವು, ತಮಗೆ ಆಚಾರಸ್ಥಿತಿಯ ಪತ್ರವೊಂದು ಬೇಕೆಂದು ಬಿನ್ನವಿಸಿಕೊಂಡುದರಿಂದ ಕೊಡಲ್ಪಟ್ಟುದು. ಇದರಲ್ಲಿ 72 ಆಚಾರಗಳು ಹೇಳಲ್ಪಟ್ಟಿವೆ. ವರ್ತಕನಿಗೆ ಬಂಧನಗಳು ಇಲ್ಲಿಯೂ ಉಂಟು. ತೂಕ ಅಳತೆಗಳನ್ನು ಆಷಾಢದಲ್ಲಿಯೂ ಪುಷ್ಯದಲ್ಲಿಯೂ ಪರೀಕ್ಷಿಸಬೇಕು; ಐದೈದು ದಿನಗಳಿಗೊಮ್ಮೆ ಬೆಲೆಗಳನ್ನು ಅರಿಕೆಮಾಡಬೇಕು; ತಿಳಿಸದೆ ಸರಕನ್ನು ಸಾಗಿಸಿದವನು ಎಂಟರಷ್ಟು ಸುಂಕವನ್ನು ತೆರಬೇಕು; ಅಪ್ಪಣೆ ಕೇಳದೆ ಮದ್ಯಸಂಧಾನಮಾಡಿದವನಿಗೂ ಹೆಚ್ಚಿನ ತೆರಿಗೆಯುಂಟು.

ಆದರೆ ಶಾಸನದ ಮೊದಲಿನಲ್ಲಿಯೇ ಬರುವ ಆಚಾರಗಳು ರಾಜಪುರುಷನನ್ನು ಕಟ್ಟುವಂಥವು. ಅಪುತ್ರಕನ ಸ್ವತ್ತನ್ನು ಅವನು ತೆಗೆದುಕೊಳ್ಳಬಾರದು. ಬಲಾತ್ಕಾರದಿಂದ ಮನೆಯ ಹೊಸ್ತಿಲನ್ನು ದಾಟಬಾರದು. ಬರಿಯ ಶಂಕೆಯಿಂದ ಯಾರನ್ನೂ ಹಿಡಿಯಬಾರದು. ಗಂಡಸಿನ ಅಪರಾಧಕ್ಕಾಗಿ ಹೆಂಗಸನ್ನು ಹಿಡಿಯಬಾರದು. ಅಂಗಡಿಯಲ್ಲಿ ತನ್ನ ಆಸನದ ಮೇಲೆ ಕುಳಿತಿರುವವನ ವಿಷಯದಲ್ಲಿ ನೆಪಗಳನ್ನು ಎತ್ತಬಾರದೆಂದೂ ಅಲ್ಲಿ ಹೇಳಿದೆ. ಅರ್ಥಶಾಸ್ತ್ರದಲ್ಲಿ ವರ್ತಕನ ಮೇಲಿದ್ದ ಸಂಶಯವು ಇಲ್ಲಿ ಅಧಿಕಾರಿಯ ಮೇಲೂ ತಿರುಗಿರುವುದು.

ಇದೇ ರೀತಿಯು ಕರ್ಣಾಟಕದಲ್ಲಿಯೂ ಕಾಣಬರುವುದು. ಕ್ರಿ. ಶ. 725ರ ಸುಮಾರಿನಲ್ಲಿ ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯನ್ನು ಕೊಟ್ಟನು. ಕನ್ನಡದ ಈ ಶಾಸನದಲ್ಲಿ ಮನೆಮನೆಯ ಶಕ್ತಿಗೆ ತಕ್ಕಂತೆ ತೆರಿಗೆಯನ್ನು ಗೊತ್ತುಮಾಡಿದೆ. ಅದನ್ನು ಕಾರ್ತಿಕಮಾಸದಲ್ಲಿ ಶ್ರೇಣಿಗೆ ಸಲ್ಲಿಸಬೇಕು. ಇದರ ಜೊತೆಗೆ ರಾಜಪುರುಷರ ಕರ್ತವ್ಯವೂ ಉಕ್ತವಾಗಿದೆ. ವಾಸವಿಲ್ಲದ ಮನೆಗಳನ್ನೂ, ರಾಜದತ್ತಿಯನ್ನೂ, ತಾಮ್ರಶಾಸನಗಳನ್ನೂ, ಅನುಭವದಲ್ಲಿರುವ ಸ್ವತ್ತನ್ನೂ ಅವರು ಕಾಪಾಡಬೇಕು. ತೆರುವವನಿಗೂ ಒಂದು ಕಟ್ಟು, ಕಾಯುವವನಿಗೂ ಒಂದು ಕಟ್ಟು.

ಈ ಎರಡು ಪಕ್ಷಗಳನ್ನು ಸಮನ್ವಯಗೊಳಿಸುವ ಸೂತ್ರವು ಧರ್ಮಶಾಸ್ತ್ರದಲ್ಲಿಯೇ ಇರುವುದು. ಸ್ವಧರ್ಮಕ್ಕೆ ವಿರೋಧವಿಲ್ಲದ ಸಾಮಯಿಕಧರ್ಮವನ್ನು ರಾಜಕೃತವಾದ ಧರ್ಮದಂತೆಯೇ ಯತ್ನದಿಂದ ರಕ್ಷಿಸಬೇಕೆಂದೂ, ಶ್ರೇಣಿಗಳ ವ್ಯವಸ್ಥೆಯನ್ನೂ ಪೂರ್ವದಿಂದ ಬಂದ ವೃತ್ತಿಯನ್ನೂ ಅರಸನು ಪಾಲಿಸಬೇಕೆಂದೂ ಯಾಜ್ಞವಲ್ಕ್ಯನು ಹೇಳಿರುವನು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಒಂದೇ ಸರಕಿನಿಂದಾಗಲಿ ಒಂದೇ ಶಿಲ್ಪದಿಂದಾಗಲಿ ಜೀವಿಸುವವರೇ ಶ್ರೇಣಿಯೆಂದು ಇದನ್ನು ವಿವರಿಸಿರುವನು. ವರ್ತಕರು ತಮ್ಮೊಳಗೆ ಮಾಡಿಕೊಂಡ ಸಮಯವು ಧರ್ಮವೆನಿಸಿದಾಗ ಅರಸನ ಅನುಜ್ಞೆಯು ದಯೆಯಿಂದ ಕೊಟ್ಟ ದಾನವಾಗದೆ, ಇಬ್ಬರೂ ಕಾಯಬೇಕಾದ ಒಡಂಬಡಿಕೆಯಾಗುವುದು.

ಈಗಿನ ಕಾನೂನುಗಳಲ್ಲಿ ಶಾಸ್ತ್ರದ ಪಕ್ಷವು ಸುಲಭವಾಗಿ ಗುರುತಿಗೆ ಸಿಕ್ಕುವುದು. ಅಂಗಡಿಗಳ ನೋಂದಣಿಗೆ ಕರ್ನಾಟಕದಲ್ಲಿ 1961ರ ಅಧಿನಿಯಮವೂ, ಮದ್ಯದಂಗಡಿಗೆ 1965ರ ಅಬಕಾರಿ ಅಧಿನಿಯಮವೂ ಉಂಟು. ತಕ್ಕಡಿಗೆ ಹಾಕುವ ಮುದ್ರೆಯು 2009ರ ಕೇಂದ್ರ ಅಧಿನಿಯಮದಲ್ಲಿಯೂ ಉಳಿದಿದೆ. ಶಾಸನದ ಪಕ್ಷವಾದರೋ ಮರೆತುಹೋಗುವ ಅಪಾಯದಲ್ಲಿರುವುದು. ಶಾಸನಪಾಠವನ್ನು ಹೇಳುವಾಗ ವಂಶಾವಳಿಯನ್ನೂ ಬಿರುದುಗಳನ್ನೂ ವಿಸ್ತರಿಸಿ, ವ್ಯವಸ್ಥಾಭಾಗವನ್ನು ಶುಷ್ಕವೆಂದು ಬಿಟ್ಟುಬಿಡುವ ರೂಢಿಯೇ ಇದಕ್ಕೆ ಒಂದು ಕಾರಣ. ಅರಸರ ಬಿರುದುಗಳಲ್ಲಿ ಅತಿಶಯೋಕ್ತಿಯಿರಬಹುದು; ಅಂಗಡಿಯಲ್ಲಿ ಕುಳಿತವನನ್ನು ನೆಪದಿಂದ ಪೀಡಿಸಬಾರದೆಂಬ ಮಾತಿನಲ್ಲಿ ಅದಿಲ್ಲ. ಹಾಗೆ ಪೀಡಿಸುವವರು ಇದ್ದುದರಿಂದಲೇ ಅದನ್ನು ತಾಮ್ರದ ಮೇಲೆ ಕೊರೆಯಿಸಬೇಕಾಯಿತು. ಆದುದರಿಂದ ಪ್ರಾಚೀನ ರಾಜ್ಯಪದ್ಧತಿಯನ್ನು ಅರಿಯಬಯಸುವವರು ಪ್ರಶಸ್ತಿಯನ್ನು ಓದಿ ನಿಲ್ಲದೆ ವ್ಯವಸ್ಥೆಯನ್ನೂ ಓದತಕ್ಕದ್ದು.