ಯೋಜನದಿಂದ ಪಾರ್ಸೆಕ್‌ವರೆಗೆ

ಮುಂಬಯಿಯ ಬೈಕುಲಾದ ರಾಣಿಬಾಗ್ ಆವರಣದ ವಸ್ತುಸಂಗ್ರಹಾಲಯಕ್ಕೆ 1975ರಲ್ಲಿ ಡಾ. ಭಾವು ದಾಜಿ ಲಾಡ್ ಅವರ ಹೆಸರನ್ನಿಡಲಾಯಿತು. ಬೆಂಗಳೂರಿನಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹ ಆಕಾಶಕ್ಕೇರಿದ್ದೂ ಅದೇ ವರ್ಷ. ಇವೆರಡಕ್ಕೂ ಒಂದು ಹಳೆಯ ನಂಟಿದೆ. ವೈದ್ಯರಾಗಿದ್ದ ಭಾವು ದಾಜಿ (1822–1874) ಹಸ್ತಪ್ರತಿಗಳ ಶೋಧಕರೂ ಹೌದು. ಆರ್ಯಭಟನ ಹೆಸರಿನಲ್ಲಿ ಬೇರೆ ಕೃತಿಯೂ ಬೆರೆತುಹೋಗಿದ್ದಾಗ ನಿಜವಾದ ‘ಆರ್ಯಭಟೀಯ’ವನ್ನು ಗುರುತಿಸಿ, 1865ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಅವರು.

ಆ ಪುಟ್ಟ ಗ್ರಂಥದಲ್ಲಿ ಆಕಾಶದ ಅಳತೆಯಿದೆ. ಭೂಮಿಯ ವ್ಯಾಸ 1,050 ಯೋಜನ. ಚಂದ್ರಕಕ್ಷೆಯ ಒಂದು ಕಲೆಗೆ 10 ಯೋಜನ. ವೃತ್ತಕ್ಕೆ 21,600 ಕಲೆಗಳಾದ್ದರಿಂದ ಚಂದ್ರಕಕ್ಷೆ 2,16,000 ಯೋಜನ. ಯುಗವೊಂದರಲ್ಲಿ ಚಂದ್ರನು ಸುತ್ತುವ 5,77,53,336 ಸುತ್ತುಗಳಿಂದ ಅದನ್ನು ಗುಣಿಸಿದರೆ ಆಕಾಶಕಕ್ಷೆ: 1,24,74,72,05,76,000 ಯೋಜನ.

ಇದನ್ನು ಕಿಲೋಮೀಟರಿಗೆ ಇಳಿಸುವುದು ಹೇಗೆ? ಯೋಜನವೆಂದರೆ ಐದು ಮೈಲಿಯೆಂದವರೂ ಒಂಬತ್ತೆಂದವರೂ ಇದ್ದಾರೆ. ಇಷ್ಟಬಂದದ್ದನ್ನು ಆರಿಸಿಕೊಂಡರೆ ಇಷ್ಟಬಂದ ಉತ್ತರ ದೊರೆಯುತ್ತದೆ. ಪೂರ್ವಜರ ಹಿರಿಮೆಯ ಹೆಸರಿನಲ್ಲಿ ಹಾಗೆ ಗುಣಿಸುವವರು ಇಂದಿಗೂ ಕಡಿಮೆಯಿಲ್ಲ. ಭೂಮಿಯನ್ನೇ ಮಾನದಂಡವಾಗಿಟ್ಟುಕೊಳ್ಳುವುದು ಪ್ರಾಮಾಣಿಕ ದಾರಿ. ಆಗ ಆರ್ಯಭಟನ ಚಂದ್ರ ಸುಮಾರು 65 ಭೂತ್ರಿಜ್ಯಗಳ ದೂರದಲ್ಲಿರುತ್ತಾನೆ. ನಿಜವಾದ ಸರಾಸರಿ ದೂರ 60. ಬೆರಗಾಗುವಷ್ಟು ಸನಿಹ! ಆದರೆ ಸೂರ್ಯ ಸುಮಾರು 875 ಭೂತ್ರಿಜ್ಯಗಳಷ್ಟು ದೂರಕ್ಕೇ ನಿಲ್ಲುತ್ತಾನೆ. ನಿಜವಾದದ್ದು ಹತ್ತಿರಹತ್ತಿರ 23,500. ಯುಗವೊಂದರಲ್ಲಿ ಎಲ್ಲ ಗ್ರಹಗಳೂ ಸಮಾನ ಯೋಜನಗಳನ್ನು ಕ್ರಮಿಸುತ್ತವೆಂಬ ಊಹೆಯ ಮೇಲೆ ಆ ಲೆಕ್ಕ ನಿಂತಿತ್ತು. ತಪ್ಪಿದ್ದು ಗುಣಾಕಾರವಲ್ಲ, ಊಹೆ.

ಇಂದಿನ ಮಾನಗಳೂ ಹೀಗೆಯೇ ಯಾವುದೋ ಒಂದನ್ನು ಆಧರಿಸಿ ನಿಂತಿವೆ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು ಜ್ಯೋತಿರ್ವರ್ಷ. ಭೂಮಿ–ಸೂರ್ಯರ ಸರಾಸರಿ ಅಂತರವು ಎಷ್ಟು ದೂರದಿಂದ ಒಂದು ವಿಕಲೆಯಷ್ಟೇ ಕಾಣುವುದೋ ಆ ದೂರ ಪಾರ್ಸೆಕ್. ಅದು 3.26 ಜ್ಯೋತಿರ್ವರ್ಷಗಳಿಗೆ, ಭೂಮಿ–ಸೂರ್ಯರ ಅಂತರದ 2,06,265 ಪಟ್ಟಿಗೆ ಸಮ. ಕಲೆಯ ಅರುವತ್ತನೆಯ ಒಂದು ಪಾಲೇ ವಿಕಲೆ. ಕೋನದಿಂದ ದೂರವನ್ನು ಹಿಡಿಯುವ ಬಗೆ ಎರಡು ಕಡೆಯೂ ಒಂದೇ. ಸೂರ್ಯನ ದೂರವನ್ನು ತಿದ್ದಿದಾಗಲೆಲ್ಲ ಪಾರ್ಸೆಕ್‌ನ ಕಿಲೋಮೀಟರುಗಳೂ ಬದಲಾಗುತ್ತಿದ್ದವು. 2012ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಖಗೋಳಮಾನವನ್ನು 1,49,59,78,70,700 ಮೀಟರೆಂದು ನಿಗದಿಪಡಿಸಿದ ಮೇಲೆಯೇ ಆ ಅಲುಗಾಟ ನಿಂತಿತು.

ಸಂಖ್ಯೆಯನ್ನು ಮಾನದಿಂದ ಮಾನಕ್ಕೆ ದಾಟಿಸುವಾಗ ಅದರ ಹಿಂದಿನ ಊಹೆಯನ್ನೂ ನಾವು ಪರಿಶೀಲಿಸಬೇಕು. ಗ್ರಂಥವನ್ನು ಹೊಗಳುವ ಮೊದಲು ಅದು ಯಾರದೆಂದು ವಿಚಾರಿಸಿದ ಭಾವು ದಾಜಿಯವರ ಮಾರ್ಗವೂ ಅದೇ ಆಗಿತ್ತು.