ಸ್ವಿಶರ್, ಕಾರಾ
(1962- ). ಅಂತರ್ಜಾಲೋದ್ಯಮದ ಅಭ್ಯುದಯವನ್ನು ಅದರ ಶೈಶವದಿಂದಲೂ ವರದಿ ಮಾಡುತ್ತ ಬಂದಿರುವ ಅಮೆರಿಕದ ಪತ್ರಕರ್ತೆ, ಗ್ರಂಥಕರ್ತೆ ಹಾಗೂ ಪಾಡ್‌ಕಾಸ್ಟ್ ನಿರೂಪಕಿ. ಜಾರ್ಜ್‌ಟೌನ್ ಮತ್ತು ಕೊಲಂಬಿಯ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಕೆಲಸ ಮಾಡಿದ ಈಕೆ 1997ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯನ್ನು ಸೇರಿದಳು, ಮರುವರ್ಷ ಎ.ಒ.ಎಲ್. ಎಂಬ ಅಂತರ್ಜಾಲ ಸೇವಾಸಂಸ್ಥೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದಳು. ಸಹೋದ್ಯೋಗಿ ವಾಲ್ಟ್ ಮಾಸ್‌ಬರ್ಗ್‌ನೊಡಗೂಡಿ 2003ರಲ್ಲಿ ಆರಂಭಿಸಿದ ಡಿ ಎಂಬ ತಂತ್ರಜ್ಞಾನ ಸಮ್ಮೇಳನವು, ಉದ್ಯಮಾಧಿಪತಿಗಳ ಸಿದ್ಧಭಾಷಣಗಳಿಗೆ ಎಡೆಗೊಡದೆ ಸಭಾಮಧ್ಯದಲ್ಲಿ ನೇರ ಪ್ರಶ್ನೋತ್ತರವನ್ನೇ ಪ್ರಧಾನವಾಗಿಸಿಕೊಂಡಿತು. ಪ್ರತಿಸ್ಪರ್ಧಿಗಳಾದ ಸ್ಟೀವ್ ಜಾಬ್ಸ್ ಮತ್ತು ಬಿಲ್ ಗೇಟ್ಸ್ 2007ರಲ್ಲಿ ಒಂದೇ ವೇದಿಕೆಯಲ್ಲಿ ಕುಳಿತು ಉತ್ತರಿಸಿದುದೂ, 2010ರಲ್ಲಿ ಖಾಸಗಿತನವನ್ನು ಕುರಿತ ಪ್ರಶ್ನೆಗಳೆದುರು ಬೆವೆತ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ತೊಟ್ಟಿದ್ದ ಮೇಲಂಗಿಯನ್ನು ಕಳಚಬೇಕಾಗಿ ಬಂದುದೂ ಇಲ್ಲಿಯೇ. 2014ರಲ್ಲಿ ಸ್ವಿಶರ್ ಮತ್ತು ಮಾಸ್‌ಬರ್ಗ್ ಸ್ಥಾಪಿಸಿದ ರೀಕೋಡ್ ಸುದ್ದಿಸಂಸ್ಥೆಯು ಮರುವರ್ಷವೇ ವಾಕ್ಸ್ ಮೀಡಿಯದ ಒಡೆತನಕ್ಕೆ ಸೇರಿತು. ಬಳಿಕ ಧ್ವನಿಮಾಧ್ಯಮದತ್ತ ಹೊರಳಿದ ಈಕೆಯ ಕಾರ್ಯಕ್ರಮಗಳಲ್ಲಿ ರೀಕೋಡ್ ಡೀಕೋಡ್, ಸ್ಕಾಟ್ ಗ್ಯಾಲೊವೇಯೊಡನೆ 2018ರಿಂದ ನಡೆಸುತ್ತಿರುವ ಪಿವಟ್, ನ್ಯೂಯಾರ್ಕ್ ಟೈಮ್ಸ್‌ಗಾಗಿ ನಡೆಸಿದ ಸ್ವೇ (2020-22) ಮುಖ್ಯವಾದುವು. ಉದ್ಯಮದ ಒಳವಲಯದೊಡನೆ ನಿಕಟ ಪರಿಚಯವಿರಿಸಿಕೊಂಡೇ ಅದನ್ನು ಖಂಡಿಸುವುದು, ಕೆಲವರ ಆಕ್ಷೇಪಕ್ಕೂ ಗುರಿಯಾಗಿರುವ, ಈಕೆಯ ಬರೆವಣಿಗೆಯ ವೈಶಿಷ್ಟ್ಯ. ಬರ್ನ್ ಬುಕ್ (2024) ಈಕೆಯ ವೃತ್ತಿಸ್ಮೃತಿ.