ಸೋಂಕು ಅಂದ್ರೆ ಮುಟ್ಟೋದು ಮಾತ್ರನಾ?



ಕನ್ನಡದಲ್ಲಿ 'ಸೋಂಕು' ಅನ್ನೋ ಪದದ ಹಳೇ ಅರ್ಥ ತಾಗುವುದು, ಮುಟ್ಟುವುದು. 'ಅಂಟುರೋಗ'ದಲ್ಲೂ ಅದೇ ಭಾವ. ಮುಟ್ಟಿದ್ರೆ ಕಾಯಿಲೆ ಬರುತ್ತೆ ಅನ್ನೋ ನಂಬಿಕೆ ನಮ್ಮ ಭಾಷೆಯೊಳಗೇ ಕೂತಿದೆ. ಕೊರೊನಾ ಕಾಲದಲ್ಲಿ ಅದಕ್ಕೆ ವಿಜ್ಞಾನದ ಮುದ್ರೆಯೂ ಬಿತ್ತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೊರೊನಾ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಟ್ವೀಟ್ ಮಾಡಿತು. ಅದು ತಪ್ಪು. ಆ ತಪ್ಪಿಗೆ ನೂರು ವರ್ಷ ಮೀರಿದ ಇತಿಹಾಸ ಇದೆ.

19ನೇ ಶತಮಾನದಲ್ಲಿ ಕೆಟ್ಟ ಗಾಳಿ, ದುರ್ವಾಸನೆಯಿಂದಲೇ ರೋಗ ಬರುತ್ತೆ ಅಂತ ಬಹಳಷ್ಟು ವೈದ್ಯರೇ ನಂಬಿದ್ದರು. ರೋಗಾಣುಗಳು ಪತ್ತೆಯಾದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ 1910ರಲ್ಲಿ ಪುಸ್ತಕ ಬರೆದು, ಸೋಂಕು ಹೆಚ್ಚಾಗಿ ಬರೋದು ಹತ್ತಿರದ ಸಂಪರ್ಕದಿಂದ, ಗಾಳಿಯಿಂದ ಅಪರೂಪ ಎಂದರು. ಗಾಳಿಯನ್ನೇ ದೂರುತ್ತಾ ಕೂತ್ರೆ ಜನ ಸಂಪರ್ಕದ ಬಗ್ಗೆ ಎಚ್ಚರ ವಹಿಸೋದಿಲ್ಲ ಅನ್ನೋದು ಅವರ ಆತಂಕ. ಅದು ಬರಬರುತ್ತಾ ವೈದ್ಯಶಾಸ್ತ್ರದ ಪಾಠವೇ ಆಗಿಬಿಡ್ತು.

1930ರ ದಶಕದಲ್ಲಿ ವಿಲಿಯಂ ವೆಲ್ಸ್ ಬೇರೆ ಮಾತು ಹೇಳಿದರು. ಕೆಮ್ಮಿದಾಗ, ಸೀನಿದಾಗ ದೊಡ್ಡ ಹನಿ ನೆಲಕ್ಕೆ ಬೀಳುತ್ತೆ. ಸಣ್ಣ ಹನಿ ಬೀಳೋ ಮೊದಲೇ ಒಣಗಿ ಗಾಳಿಯಲ್ಲಿ ತೇಲುತ್ತೆ. ಮುಂದೆ ಅವರೂ ರಿಚರ್ಡ್ ರೈಲಿಯೂ ಸೇರಿ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಟಿಬಿ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳ ಗೂಡಿಗೆ ಹಾಯಿಸಿದರು. ಒಬ್ಬ ರೋಗಿಯನ್ನೂ ಮುಟ್ಟದ ಇಲಿಗಳಿಗೆ ಟಿಬಿ ಬಂತು! ಆದರೂ ಟಿಬಿ, ದಡಾರದಂಥ ಕೆಲವನ್ನಷ್ಟೇ ಒಪ್ಪಿ, ಉಳಿದವಕ್ಕೆ ಹಳೇ ಪಾಠವನ್ನೇ ಮುಂದುವರಿಸಿದರು.

2020ರ ಮಾರ್ಚ್ 10ರಂದು ಅಮೆರಿಕದ ಸ್ಕಾಗಿಟ್ ಕಣಿವೆಯಲ್ಲಿ 61 ಜನ ಒಂದು ಹಾಲ್‌ನಲ್ಲಿ ಸೇರಿ ಹಾಡಿನ ಅಭ್ಯಾಸ ಮಾಡಿದರು. 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಜುಲೈನಲ್ಲಿ 239 ವಿಜ್ಞಾನಿಗಳು ಪತ್ರ ಬರೆದು ಗಾಳಿಯ ಕಡೆ ನೋಡಿ ಎಂದು ಒತ್ತಾಯಿಸಿದರು. ಸಂಸ್ಥೆ ತನ್ನ ಮಾಹಿತಿಯನ್ನು ಸ್ಪಷ್ಟವಾಗಿ ತಿದ್ದಿಕೊಂಡಿದ್ದು 2021ರಲ್ಲಿ.

ಈ ನಡುವೆ ನಮ್ಮ ದೇಶದಲ್ಲಿ ಏನಾಯ್ತು? ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳಲಿಕ್ಕೆ ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರಲ್ಲೇ ಬರೆದಿದ್ದಾರೆ. ಅಂಥ ಸಮಾಜಕ್ಕೆ 'ಸಾಮಾಜಿಕ ಅಂತರ' ಅಂದ್ರೆ ಹೇಗೆ ಕೇಳಿಸುತ್ತೆ? 'ದೈಹಿಕ ಅಂತರ' ಅನ್ನಿ ಅಂತ ನಾವು ಎಷ್ಟು ಸಲ ಹೇಳಿದ್ವಿ! ಅದೇ ಮಾರ್ಚ್ ಕೊನೆಯಲ್ಲಿ, ಊರಿಗೆ ವಾಪಸಾಗುತ್ತಿದ್ದ ವಲಸೆ ಕಾರ್ಮಿಕರನ್ನು ಉತ್ತರ ಪ್ರದೇಶದ ಬರೇಲಿಯಲ್ಲಿ ರಸ್ತೆ ಮೇಲೆ ಕೂರಿಸಿ ಬ್ಲೀಚಿಂಗ್ ರಾಸಾಯನಿಕ ಸಿಂಪಡಿಸಿದರು. ವೈರಸ್ ಹರಡುತ್ತಿದ್ದದ್ದು ಉಸಿರಿನಿಂದ. ಇವರು ತೊಳೆದಿದ್ದು ಬಡವರ ಮೈಯನ್ನು.

ಕೈ ತೊಳೆಯೋದು ಒಳ್ಳೇದೇ, ವಾಂತಿಭೇದಿ ತಡೆಯುತ್ತೆ. ಆದ್ರೆ ಅದು ನನ್ನ ನಿಮ್ಮ ಹೊಣೆ. ರೋಗ ಗಾಳಿಯಿಂದ ಅಂತ ಒಪ್ಪಿಕೊಂಡ್ರೆ ಹೊಣೆ ಕಟ್ಟಡ ಕಟ್ಟಿದವರ ಮೇಲೆ, ಸರ್ಕಾರದ ಮೇಲೆ ಬೀಳುತ್ತೆ. ನಾನಿದ್ದ ಹಾಸ್ಟೆಲ್‌ನಲ್ಲಿ ಕೋಣೆಗೆ ಹನ್ನೆರಡು ಹುಡುಗರು, ಒಂದೇ ಕಿಟಕಿ. ಟಿಬಿಗೆ ಇವತ್ತಿಗೂ ಇಂಥ ಕೋಣೆಗಳೇ ಬೇಕು.

ಮುಂದಿನ ಸಲ ಹಾಸ್ಟೆಲ್‌ಗೆ ಹೋದಾಗ ಊಟ, ಶೌಚಾಲಯ ನೋಡಿದ ಮೇಲೆ ಕಿಟಕಿಗಳನ್ನೂ ಎಣಿಸಿ. ಮನವಿ ಪತ್ರದಲ್ಲಿ ಅದನ್ನೂ ಬರೆಯಿರಿ. ಗಾಳಿ ಕೂಡ ನಮ್ಮ ಹಕ್ಕು.

ಜೈಭೀಮ್.